ನೋಡುವುದೂ ಒಂದು ಬೇಟೆಯೇ?

ಕಳೆದ ಜನವರಿಯ ಒಂದು ಮುಂಜಾನೆ ನಾವು ನಾಲ್ವರು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕಡೆಯ ಒಂದು ಕುರುಚಲು ಗುಡ್ಡ ಹತ್ತುತ್ತಿದ್ದೆವು. ನಾವು, ನಮ್ಮ ತಮ್ಮ, ಅವನ ಮಗ ಮತ್ತು ಚನ್ನಗಿರಿಯ ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದ ಮೇಷ್ಟ್ರು. ಮೇಷ್ಟ್ರಿಗೆ ನಿವೃತ್ತಿಯ ನಂತರ ಹಕ್ಕಿ ನೋಡುವ ಹುಚ್ಚು. ತಮ್ಮನ ಮಗನಿಗೆ ದಾವಣಗೆರೆಯ ಕಾಲೇಜು ಸೇರಿದ ಮೇಲೆ ಗೆಳೆಯರಿಂದ ಹತ್ತಿಕೊಂಡ ಹುಚ್ಚು. ನಾವಿಬ್ಬರು ಅಣ್ಣತಮ್ಮಂದಿರು ಅವರ ಬೆನ್ನಿಗೆ ಬಿದ್ದವರು.

ಈ ಕಡೆಯ ಗುಡ್ಡಗಳಲ್ಲಿ ಮಲೆನಾಡಿನ ಹಸಿರು ಇಲ್ಲ. ಕಾರೆ, ಜಾಲಿ, ಬಂದರಿಕೆ, ತಂಗಟೆ, ನಡುವೆ ಬಂಡೆ. ಮಳೆ ಕಡಿಮೆ, ಬರ ಹೆಚ್ಚು. ಆದರೂ ನಾಲ್ಕು ಕೊಂಬಿನ ಕೊಂಡುಕುರಿಯ ರಕ್ಷಣೆಗೆಂದು 2011ರಲ್ಲಿ ಘೋಷಣೆಯಾದ ವನ್ಯಜೀವಿಧಾಮ ಇರುವುದು ಈ ಒಣ ಕಾಡಿನಲ್ಲಿಯೇ. ನಾವು ಅದರೊಳಗೆ ಹೋಗಲಿಲ್ಲ. ಅಂಚಿನಾಚೆಯ ಗುಡ್ಡವೇ ಸಾಕೆಂದುಕೊಂಡಿದ್ದೆವು. ಬುಡದ ಒಂದು ಚಪ್ಪಡಿಯ ಮೇಲೆ ಫಜ್ರ್ ನಮಾಝ್ ಮುಗಿಸಿದೆವು. ಸಜ್ದಾ ಮಾಡಿದಾಗ ಹಣೆಗೆ ತಾಗಿದ ಕಲ್ಲಿನ ಚಳಿ ಬಿಸಿಲೇರುವವರೆಗೂ ಇಳಿಯಲಿಲ್ಲ. ಮೇಷ್ಟ್ರು ಅಷ್ಟು ದೂರದಲ್ಲಿ ಮಫ್ಲರ್ ಸುತ್ತಿಕೊಂಡು, ನಮ್ಮ ನಮಾಝ್ ಮುಗಿಯುವವರೆಗೆ ಟಾರ್ಚನ್ನೂ ಹಾಕದೆ ನಿಂತಿದ್ದರು.

ಬೆಳಕು ಹರಿದಂತೆ ಹಕ್ಕಿಗಳು ಒಂದೊಂದಾಗಿ ಕಂಡವು. ಪಿಕಳಾರ, ಕಾಜಾಣ, ದಾರಿಯ ಮಣ್ಣನ್ನು ಕೊಕ್ಕಿನಿಂದ ಕೆದಕುತ್ತಿದ್ದ ಚಂದ್ರಮುಕುಟ. ನಮ್ಮ ಮನೆಮಾತಿನಲ್ಲಿ ಇದು ಹುದ್‌ಹುದ್, ಪ್ರವಾದಿ ಸುಲೈಮಾನರಿಗೆ(ಅ) ಸಬಾ ನಾಡಿನ ಸುದ್ದಿ ತಂದ ಹಕ್ಕಿ. ಕೆಳಗೆ ಜೋಳದ ಹೊಲದ ಮೇಲೆ ಗುಲಾಬಿ ಕಬ್ಬಕ್ಕಿಗಳ ಹಿಂಡೊಂದು ಹೊಗೆಯಂತೆ ಎದ್ದು ಹೊಗೆಯಂತೆ ಇಳಿಯಿತು. ಮಧ್ಯ ಏಷ್ಯಾದ ಕಡೆ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ಬಯಲಿಗೆ ಬರುವ ಅತಿಥಿಗಳು ಇವು. ಯಾರ ಪರವಾನಗಿಯೂ ಇಲ್ಲದೆ ಎಷ್ಟು ಗಡಿ ದಾಟಿ ಬಂದಿವೆಯಲ್ಲ ಎಂದು ಮೇಷ್ಟ್ರು ನಕ್ಕರು.

ಆಗಲೇ ಗೌಜುಗದ ದನಿ ಕೇಳಿಸಿತು. ಕತೀತರ್, ಕತೀತರ್, ಕತೀತರ್. ಗುಡ್ಡದ ಇನ್ನೊಂದು ಮಗ್ಗುಲಿನಿಂದ ಬರುತ್ತಿತ್ತು. ನೋಡಬೇಕೆಂದು ಅರ್ಧ ಗಂಟೆ ಕೂತೆವು. ಗೌಜುಗ ಪೊದೆ ಬಿಟ್ಟು ಹೊರಬರಲಿಲ್ಲ. ತಮ್ಮನ ಮಗನಿಗೆ ತಾಳ್ಮೆ ಮುಗಿಯಿತು. ಜೇಬಿನಿಂದ ಮೊಬೈಲ್ ತೆಗೆದು ಏನೋ ಒತ್ತಿದ. ಅವನ ಅಂಗೈಯಿಂದ ಅದೇ ದನಿ ಹೊರಟಿತು. ಕತೀತರ್, ಕತೀತರ್.

ಎರಡು ನಿಮಿಷವೂ ಆಗಿರಲಿಲ್ಲ. ಪೊದೆಯಿಂದ ಗೌಜುಗ ಓಡಿ ಬಂದು, ನಮ್ಮಿಂದ ಹತ್ತು ಮಾರು ದೂರದ ಬಂಡೆಯ ಮೇಲೆ ಹತ್ತಿ ನಿಂತಿತು. ಕೊರಳೆತ್ತಿ, ಮೈ ಉಬ್ಬಿಸಿ ಕೂಗಿತು. ಸುತ್ತ ನೋಡಿತು. ಮತ್ತೆ ಕೂಗಿತು. ಎಳೆ ಬಿಸಿಲಿನಲ್ಲಿ ಅದರ ಎದೆಯ ಸಣ್ಣ ಸಣ್ಣ ಗೆರೆಗಳನ್ನು ಎಣಿಸಬಹುದಿತ್ತು. ಕ್ಯಾಮೆರಾ ಕ್ಲಿಕ್ಕಿಸುತ್ತಲೇ ಇತ್ತು. ನಿಜ ಹೇಳಬೇಕೆಂದರೆ, ನಮಗೂ ಸಂತೋಷವಾಯಿತು. ಆದರೆ ಮರುಕ್ಷಣ ತಮ್ಮನ ಮುಖ ನೋಡಿದೆವು. ಅವನೂ ನಮ್ಮ ಮುಖ ನೋಡುತ್ತಿದ್ದ. ಇಬ್ಬರಿಗೂ ನೆನಪಾದದ್ದು ಒಂದೇ: ಅಬ್ಬಾನ ಪಂಜರ.

ನಮ್ಮ ತಂದೆ ಕಲಾಯಿ ಹಾಕುವವರು. ತಿದಿ, ತವರ, ನವಸಾಗರ, ಇದ್ದಿಲು ಎಲ್ಲವನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಚನ್ನಗಿರಿಯಿಂದ ಹೊರಟರೆ ಹೊನ್ನಾಳಿ, ನ್ಯಾಮತಿ ಕಡೆಯ ಹಳ್ಳಿಗಳನ್ನು ಸುತ್ತಿ ವಾರಕ್ಕೋ ಹತ್ತು ದಿನಕ್ಕೋ ಬರುತ್ತಿದ್ದರು. ಆಗ ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿಗೆ ಸೇರಿತ್ತು. ಹೊನ್ನಾಳಿ, ಚನ್ನಗಿರಿ ಎರಡೂ ಶಿವಮೊಗ್ಗ ಜಿಲ್ಲೆಯಲ್ಲಿದ್ದವು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ‘ನ್ಯಾಮತಿ ಅಂದ್ರೆ ನಿಯಾಮತ್, ಅಲ್ಲಾಹನ ಕೊಡುಗೆ’ ಎಂದು ಅಬ್ಬಾ ತಮಾಷೆ ಮಾಡುತ್ತಿದ್ದರು. ಅಲ್ಲಿ ಅವರಿಗೆ ಗಿರಾಕಿಗಳು ಹೆಚ್ಚು. ಆದರೆ ನಮಗೆ ಬುದ್ಧಿ ತಿಳಿಯುವ ಹೊತ್ತಿಗೆ ಮನೆಮನೆಗೆ ಸ್ಟೀಲ್ ಪಾತ್ರೆ ಬಂದಿತ್ತು. ಸ್ಟೀಲಿಗೆ ಕಲಾಯಿ ಬೇಡ. ಹತ್ತು ಮನೆಯಲ್ಲಿ ಕೂಗಿದರೆ ಒಂದು ಮನೆಯಿಂದ ಒಂದು ಹಿತ್ತಾಳೆ ಬೋಗುಣಿ ಹೊರಗೆ ಬರುತ್ತಿತ್ತು.

ಆಗ ಅಬ್ಬಾ ಬಿದಿರಿನ ಪಂಜರದಲ್ಲಿ ಒಂದು ಗಂಡು ತೀತರ್ ಸಾಕಿದರು. ಬೆಳಗಿನ ಜಾವ ಗುಡ್ಡದ ತಪ್ಪಲಿನಲ್ಲಿ ಪಂಜರವಿಟ್ಟು, ಸುತ್ತ ಉರುಲು ಹಾಕಿ, ದೂರ ಹೋಗಿ ಕುಳಿತುಕೊಳ್ಳುವುದು. ಪಂಜರದ ತೀತರ್ ಬೆಳಕು ಕಂಡು ಕೂಗುತ್ತಿತ್ತು. ತನ್ನ ಜಾಗಕ್ಕೆ ಇನ್ನೊಬ್ಬ ಬಂದನೆಂದು ಕಾಡಿನ ತೀತರ್ ರೊಚ್ಚಿಗೆದ್ದು ಓಡಿ ಬರುತ್ತಿತ್ತು. ಬಂದದ್ದು ಹಿಂದಿರುಗುತ್ತಿರಲಿಲ್ಲ. ಹೀಗೆ ತನ್ನ ಜಾತಿಯನ್ನೇ ಕರೆದು ಬಲೆಗೆ ಕೆಡಹುವ ಪ್ರಾಣಿಗೆ ಹಳೆಯ ಕನ್ನಡದಲ್ಲಿ ‘ದೀಹ’ ಎನ್ನುತ್ತಾರೆಂದು ಮುಂದೆ ಮೇಷ್ಟ್ರ ತರಗತಿಯಲ್ಲಿ ಕಲಿತೆವು. ಪದ ಕಲಿಯುವ ಮೊದಲೇ ಪಂಜರ ಹೊತ್ತವರು ನಾವು. ರಜೆಯಲ್ಲಿ ಅಣ್ಣತಮ್ಮಂದಿರಿಬ್ಬರೂ ಸರದಿಯ ಮೇಲೆ ಅದನ್ನು ಹಿಡಿದುಕೊಳ್ಳುತ್ತಿದ್ದೆವು. ಪರವಾನಗಿಯಿಲ್ಲದೆ ಹಕ್ಕಿ ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಆಗಲೂ ಅಪರಾಧ. ಅಬ್ಬಾಗೆ ಅದು ಗೊತ್ತಿತ್ತು. ಅದಕ್ಕೇ ಪಂಜರಕ್ಕೆ ಗೋಣಿಯ ಹೊದಿಕೆ ಇರುತ್ತಿತ್ತು. ಸಂತೆಯ ಹಿಂದಿನ ಹೋಟೆಲಿನವರು ಅವನ್ನು ಕೊಳ್ಳುತ್ತಿದ್ದರು. ಆ ದುಡ್ಡಿನಿಂದ ನಮ್ಮ ಪಾಟಿ, ಪುಸ್ತಕ ಬಂದದ್ದುಂಟು.

ಒಂದು ದಿನ ತಮ್ಮ ಕೇಳಿದ: ‘ಅಬ್ಬಾ, ನಮ್ಮ ತೀತರ್ ಯಾಕೆ ತನ್ನವರನ್ನೇ ಹಿಡಿದು ಕೊಡುತ್ತೆ? ಅದಕ್ಕೆ ಗುನಾ ಆಗಲ್ವಾ?’ ಅಬ್ಬಾ ಉರುಲು ಬಿಡಿಸುತ್ತ ಹೇಳಿದರು: ‘ಉಸೇ ಮಾಲೂಮ್ ನೈ ಬೇಟಾ. ಗುನಾ ಉಸ್ ಕಾ ನೈ, ಹಮಾರಾ ಹೈ. ಪೇಟ್ ಕಾ ಹೈ.’ ಅದಕ್ಕೆ ಗೊತ್ತಿಲ್ಲ, ಪಾಪ ಅದರದ್ದಲ್ಲ, ನಮ್ಮದು, ಹೊಟ್ಟೆಯದು.

ಗುಡ್ಡದ ಮೇಲೆ ಕುಳಿತು ತಿಂಡಿಯ ಗಂಟು ಬಿಚ್ಚುವಾಗ ನಾವು ಈ ಕತೆಯನ್ನು ತಮ್ಮನ ಮಗನಿಗೆ ಹೇಳಿದೆವು. ಹುಡುಗ ಒಂದು ಗಳಿಗೆ ಸುಮ್ಮನಿದ್ದು ಅಂದ: ‘ಬಡೇ ಅಬ್ಬಾ, ಅದಕ್ಕೂ ಇದಕ್ಕೂ ಏನು ಸಂಬಂಧ? ದಾದಾ ಹಕ್ಕಿ ತಗೊಂಡರು. ನಾನು ಏನೂ ತಗೊಂಡಿಲ್ಲ. ಹಕ್ಕಿ ಹೇಗಿತ್ತೋ ಹಾಗೇ ಇದೆ.’

ಇದು ಸಣ್ಣ ವಾದವಲ್ಲ. ನೋಡುವುದರಲ್ಲಿ ನೋಡಿಸಿಕೊಂಡವರಿಗೆ ಏನು ನಷ್ಟ? ಹೂ ಕಿತ್ತರೆ ಗಿಡಕ್ಕೆ ನಷ್ಟ, ನೋಡಿದರೆ ಇಲ್ಲ. ಮನುಷ್ಯನ ಆಸೆಗಳಲ್ಲೆಲ್ಲ ನಿರಪರಾಧಿಯಾದದ್ದು ನೋಡುವ ಆಸೆಯೇ ಎಂದು ನಾವೂ ಬಹಳ ಕಾಲ ನಂಬಿದ್ದೆವು.

ಆದರೆ ಬಂಡೆಯ ಮೇಲಿನ ಗೌಜುಗಕ್ಕೆ ಏನಾಯಿತೆಂದು ಯೋಚಿಸಬೇಕು. ಅದು ನಮ್ಮನ್ನು ನೋಡಲು ಬರಲಿಲ್ಲ. ತನ್ನ ನೆಲಕ್ಕೆ ಶತ್ರು ಬಂದಿದ್ದಾನೆಂದು, ಮೇವು ಬಿಟ್ಟು, ಪೊದೆಯ ಮರೆ ಬಿಟ್ಟು ಬಯಲಿಗೆ ಬಂತು. ಹದ್ದು, ಬಿಜ್ಜು ತಿರುಗುವ ಹೊತ್ತಿನಲ್ಲಿ ಎತ್ತರದ ಕಲ್ಲಿನ ಮೇಲೆ ನಿಂತು ಕೂಗಿತು. ಇಲ್ಲದ ಶತ್ರುವನ್ನು ಹುಡುಕಿತು. ನಾವು ಇಳಿದು ಹೋದ ಮೇಲೂ ಎಷ್ಟು ಹೊತ್ತು ಹುಡುಕಿತೋ. ರಜೆಯ ದಿನ ನಾಲ್ಕು ಗುಂಪು ಬಂದು ನಾಲ್ಕು ಸಲ ಹೀಗೆ ಕರೆದರೆ? ಮೊಟ್ಟೆಗೆ ಕೂರುವ ಕಾಲದಲ್ಲಿ ಕರೆದರೆ? ನಾವು ಹಕ್ಕಿಯನ್ನು ತೆಗೆದುಕೊಳ್ಳಲಿಲ್ಲ, ನಿಜ. ಅದರ ಬೆಳಗನ್ನು ತೆಗೆದುಕೊಂಡೆವು. ಅದೂ ಸುಳ್ಳು ಹೇಳಿ.

ಮೇಷ್ಟ್ರು ಮಧ್ಯಸ್ಥಿಕೆಗೆ ಬಂದರು. ‘ಅವನನ್ನೊಬ್ಬನನ್ನೇ ಅಪರಾಧಿ ಮಾಡಬೇಡಿ. ಹಕ್ಕಿ ಎಣಿಸೋ ವಿಜ್ಞಾನಿಗಳೂ ಕೆಲವು ಸಲ ಹೀಗೇ ದನಿ ಕೇಳಿಸ್ತಾರೆ’ ಎಂದರು. ಹುಡುಗನಿಗೆ ಬಲ ಬಂತು. ಆಂಧ್ರದ ಕಡಪ ಜಿಲ್ಲೆಯ ಕಲಿವಿ ಕೋಡಿಯ ಕತೆ ಹೇಳಿದ. ಇಂಗ್ಲಿಷಿನಲ್ಲಿ ಜೆರ್ಡನ್ಸ್ ಕೋರ್ಸರ್. ರಾತ್ರಿ ಓಡಾಡುವ ನೆಲದ ಹಕ್ಕಿ. 1900ರ ನಂತರ ಯಾರ ಕಣ್ಣಿಗೂ ಬೀಳದೆ ಅಳಿದೇ ಹೋಯಿತೆಂದುಕೊಂಡಿದ್ದ ಇದನ್ನು 1986ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸ್ಥಳೀಯ ಹಕ್ಕಿ ಹಿಡಿಯುವವರ ನೆರವಿನಿಂದ ಮತ್ತೆ ಕಂಡರು. ಸಿಕ್ಕ ಆ ಒಂದು ಹಕ್ಕಿ ಸತ್ತುಹೋಯಿತು. ಆದರೆ ಅದರಿಂದಾಗಿಯೇ ಅಲ್ಲಿ ಶ್ರೀ ಲಂಕಮಲ್ಲೇಶ್ವರ ಅಭಯಾರಣ್ಯವಾಯಿತು. ಮುಂದೆ ತೆಲುಗು ಗಂಗಾ ಕಾಲುವೆಯ ದಾರಿಯನ್ನೂ ಬದಲಿಸಿದರು. ‘ಯಾರೂ ಹಿಡಿಯದೆ, ಯಾರೂ ನೋಡದೆ ಇದ್ದಿದ್ದರೆ ಆ ಕಾಡು ಉಳೀತಿತ್ತಾ ಬಡೇ ಅಬ್ಬಾ?’

ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹಕ್ಕಿಗಳ ಬಗೆಗೆ ನಮಗೆ ತಿಳಿದಿರುವ ಬಹುಪಾಲು ಹಕ್ಕಿಗಳ ಜೀವದ ಬೆಲೆಗೆ ಬಂದದ್ದು. ಸಲೀಂ ಅಲಿಯವರನ್ನೇ(1896–1987) ನೋಡಿ. ಮುಂಬಯಿಯ ಮುಸ್ಲಿಂ ಮನೆತನದ ಈ ಅನಾಥ ಹುಡುಗ ಒಂದು ದಿನ ಏರ್‌ಗನ್ನಿನಿಂದ ಗುಬ್ಬಿ ಹೊಡೆದ. ಅದರ ಕೊರಳಿನಲ್ಲಿ ಹಳದಿ ಮಚ್ಚೆಯಿತ್ತು. ಇದು ಮಾಮೂಲಿ ಗುಬ್ಬಿಯಲ್ಲ, ಮುಸಲ್ಮಾನರು ತಿನ್ನಬಹುದೋ ಇಲ್ಲವೋ ಎಂದು ಅನುಮಾನ ಬಂದು ಸೋದರಮಾವ ಅಮೀರುದ್ದೀನ್ ತಯ್ಯಬ್ಜಿಯವರನ್ನು ಕೇಳಿದ. ಅವರು ಚೀಟಿ ಕೊಟ್ಟು ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲಾರ್ಡ್ ಅವರ ಬಳಿಗೆ ಕಳಿಸಿದರು. ಹಲಾಲೋ ಅಲ್ಲವೋ ಎಂಬ ಒಂದು ಮಗುವಿನ ಪ್ರಶ್ನೆ ಈ ದೇಶದ ಪಕ್ಷಿಶಾಸ್ತ್ರಕ್ಕೆ ಅದರ ಅತಿ ದೊಡ್ಡ ಹೆಸರನ್ನು ಕೊಟ್ಟಿತು. ಆ ಕಾಲದ ರೀತಿಯಂತೆ ಅವರೂ ಅಧ್ಯಯನಕ್ಕೆಂದು ಹಕ್ಕಿಗಳನ್ನು ಹೊಡೆದು ಸಂಗ್ರಹಿಸಿದರು. 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದವರೂ ಅವರೇ. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಸೆಯಿಂದ. ಹೊಡೆದ ಕೈಯೇ ಕಾಪಾಡಿತು. ಇದನ್ನು ಹೇಗೆ ತೂಗುವುದು?

ನಾವು ತೂಗಿದ್ದು ಹೀಗೆ. ಕಡಪದಲ್ಲಿ ಹುಡುಕಿದವರಿಗೂ ಸಲೀಂ ಅಲಿಯವರಿಗೂ ಒಂದು ಪ್ರಶ್ನೆಯಿತ್ತು. ಅದಕ್ಕೆ ಉತ್ತರ ದೊರೆತರೆ ಹಕ್ಕಿಗೂ ಲಾಭವಿತ್ತು. ನಮ್ಮ ಅಬ್ಬಾಗೆ ಹಸಿವಿತ್ತು. ತಪ್ಪು ತಪ್ಪೇ, ಆದರೆ ಅದಕ್ಕೊಂದು ಕಾರಣವಿತ್ತು. ಗುನಾ ನನ್ನದು ಎಂದು ಒಪ್ಪಿಕೊಳ್ಳುವ ನಾಲಿಗೆಯಿತ್ತು. ಬೆಳಗಿನ ತಿಂಡಿ ಕಟ್ಟಿಸಿಕೊಂಡು ಬಂದ ನಮಗೆ ಏನಿತ್ತು? ಈ ಭಾಗದ ಗೌಜುಗ ಅಪರೂಪದ ಹಕ್ಕಿಯಲ್ಲ. ಅದರ ಬಗ್ಗೆ ನಾವು ಹೊಸದಾಗಿ ಏನನ್ನೂ ತಿಳಿಯಲಿಲ್ಲ. ನಮಗೆ ಬೇಕಾಗಿದ್ದದ್ದು ಒಂದು ಫೋಟೋ, ಮತ್ತು ‘ಕಂಡೆ’ ಎಂದು ಬರೆದುಕೊಳ್ಳುವ ಒಂದು ಸಾಲು. ಅಗತ್ಯ ಕಡಿಮೆಯಾದಷ್ಟೂ ಸಂಯಮ ಹೆಚ್ಚಬೇಕಲ್ಲವೇ? ಲೋಕದಲ್ಲಿ ನಡೆಯುತ್ತಿರುವುದು ಇದರ ತಿರುವುಮುರುವು. ಹಸಿದವನ ಉರುಲನ್ನು ನಾವು ಕೂಡಲೇ ಗುರುತಿಸುತ್ತೇವೆ, ಹೊಟ್ಟೆ ತುಂಬಿದವನ ಉರುಲು ನಮಗೆ ಹವ್ಯಾಸವಾಗಿ ಕಾಣುತ್ತದೆ.

ನಮ್ಮಲ್ಲಿ ಮಾತು ಬಂದಾಗಲೆಲ್ಲ ಜಾಯಿಜೋ ನಾಜಾಯಿಜೋ ಎಂದು ಕೇಳಿ ಮುಗಿಸುವ ರೂಢಿ ಇದೆ. ಆಹಾರಕ್ಕಾಗಿ ಬೇಟೆ ಜಾಯಿಜ್. ಅಷ್ಟಕ್ಕೆ ಮಾತು ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಇಹ್ರಾಮ್ ತೊಟ್ಟ ಯಾತ್ರಿಕನಿಗೆ ನೆಲದ ಮೇಲಿನ ಬೇಟೆಯನ್ನು ಕುರ್‌ಆನ್ ನಿಷೇಧಿಸುತ್ತದೆ. ಅಂದರೆ ಮನುಷ್ಯ ತನ್ನ ಒಡೆಯನಿಗೆ ಅತಿ ಹತ್ತಿರ ಹೊರಟ ಗಳಿಗೆಯಲ್ಲಿ ಅವನ ಕೈಯಿಂದ ಬಾಣ ಕಸಿದುಕೊಳ್ಳಲಾಗಿದೆ. ಇದರ ಬಗ್ಗೆ ಹದೀಸಿನಲ್ಲಿ ಒಂದು ಪ್ರಸಂಗವಿದೆ. ಇಹ್ರಾಮ್ ಇಲ್ಲದ ಸಂಗಾತಿ ಅಬೂ ಕತಾದಾ ಕಾಡುಕತ್ತೆಯೊಂದನ್ನು ಬೇಟೆಯಾಡಿ ತಂದಾಗ, ಇಹ್ರಾಮಿನಲ್ಲಿದ್ದವರು ಅದರ ಮಾಂಸ ತಿಂದು ಅನುಮಾನಕ್ಕೆ ಬಿದ್ದರು. ಪ್ರವಾದಿಯವರು(ಸ) ವಿಚಾರಿಸಿದ್ದು ಬಾಣದ ವಿಷಯವನ್ನಲ್ಲ. ನಿಮ್ಮಲ್ಲಿ ಯಾರಾದರೂ ಅವನಿಗೆ ಬೇಟೆಯಾಡಲು ಹೇಳಿದಿರಾ, ಪ್ರಾಣಿಯ ಕಡೆ ಬೆರಳು ತೋರಿಸಿದಿರಾ ಎಂದು ವಿಚಾರಿಸಿದರು. ಇಲ್ಲವೆಂದ ಮೇಲೆಯೇ ತಿನ್ನಲು ಹೇಳಿದರು. ಬೆರಳು ತೋರಿಸಿದ್ದೂ ಲೆಕ್ಕಕ್ಕೆ ಬರುತ್ತದೆ! ಹಾಗಾದರೆ ಗೂಡಿರುವ ಜಾಗವನ್ನು ಫೋಟೋದ ಜೊತೆ ಊರಿಗೆಲ್ಲ ಹಂಚುವ ನಮ್ಮ ಬೆರಳು?

ಇನ್ನೊಂದು ಪ್ರಸಂಗ ಎಲ್ಲರಿಗೂ ಗೊತ್ತಿರುವುದು. ಪ್ರಯಾಣದಲ್ಲಿ ಸಂಗಾತಿಗಳು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿಹಕ್ಕಿ ರೆಕ್ಕೆ ಬಡಿಯುತ್ತ ಸುತ್ತತೊಡಗಿತು. ಇದರ ಮರಿ ತೆಗೆದು ಇದನ್ನು ದುಃಖಕ್ಕೀಡುಮಾಡಿದವರು ಯಾರೆಂದು ಪ್ರವಾದಿಯವರು(ಸ) ಕೇಳಿ, ಮರಳಿಸಲು ಹೇಳಿದರು. ಇಲ್ಲಿ ಹಕ್ಕಿಯ ದುಃಖವೇ ದೂರು. ಬೇರೆ ಸಾಕ್ಷಿ ಬೇಕಾಗಲಿಲ್ಲ. ರೆಕ್ಕೆಯಿಂದ ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬರ್ಥದ ಮಾತು ಕುರ್‌ಆನಿನ ಆರನೆಯ ಅಧ್ಯಾಯದಲ್ಲಿದೆ. ಸಮುದಾಯವೆಂದ ಮೇಲೆ ಅದಕ್ಕೆ ತನ್ನದೇ ಮಾತಿದೆ, ಜಾಗವಿದೆ, ಮಾನವಿದೆ. ಅದರ ಮಾತನ್ನೇ ಕದ್ದು ಅದಕ್ಕೆ ಸುಳ್ಳು ಹೇಳುವುದು ಸಣ್ಣ ತಪ್ಪಲ್ಲ.

ನಾವು ಹೀಗೆ ಮಾತಾಡುತ್ತಿರುವಾಗ ಕುರಿಗಳ ಗಂಟೆಯ ಸದ್ದು ಕೇಳಿ, ಹಿಂದಿನಿಂದ ಕಂಬಳಿ ಹೊದ್ದ ಕುರಿಗಾಹಿಯೊಬ್ಬ ಬಂದ. ನಮ್ಮ ತಿಂಡಿಯಲ್ಲಿ ಪಾಲು ತೆಗೆದುಕೊಂಡು ಕೂತ. ಹುಡುಗ ಉತ್ಸಾಹದಿಂದ ಫೋಟೋ ತೋರಿಸಿದ, ಮೊಬೈಲಿನ ದನಿಯನ್ನೂ ಒಂದು ಸಲ ಕೇಳಿಸಿದ. ಕುರಿಗಾಹಿ ಬೆರಗಾಗುತ್ತಾನೆಂದುಕೊಂಡಿದ್ದೆವು. ಆಗಲಿಲ್ಲ. ‘ನಾವೂ ಸಣ್ಣೋರಿದ್ದಾಗ ಬಾಯಾಗೇ ಹಿಂಗ್ ಕರೀತಿದ್ವಿ ಸಾಬ್ರೆ. ತಿನ್ನಾಕ ಕರೀತಿದ್ವಿ’ ಎಂದ. ಆಮೇಲೆ ಹುಡುಗನ ಕಡೆ ತಿರುಗಿ ನಿಜವಾದ ಕುತೂಹಲದಿಂದ ಕೇಳಿದ: ‘ನೀವ್ ತಿನ್ನಂಗಿಲ್ಲ, ಹಿಡಿಯಂಗಿಲ್ಲ. ಮತ್ಯಾಕ್ ಕರೀತೀರಿ?’

ಯಾರೂ ಉತ್ತರ ಕೊಡಲಿಲ್ಲ. ಆ ಹೊತ್ತಿನಲ್ಲಿ ನಮ್ಮೆಲ್ಲ ವಾದಗಳಿಗಿಂತ ಹರಿತವಾದ ಪ್ರಶ್ನೆ ಅದು. ಅವನು ನೀತಿ ಹೇಳಲಿಲ್ಲ. ಅವನಿಗೆ ಅದು ನಿಜಕ್ಕೂ ಅರ್ಥವಾಗಿರಲಿಲ್ಲ.

ಇಳಿಯುವಾಗ ಮೇಷ್ಟ್ರು ತೀತರ್‌ನ ಹಳೆಯ ಹಾಸ್ಯವೊಂದನ್ನು ನೆನಪಿಸಿ ಎಂದರು. ನಾವೇ ಅವರಿಗೆ ಹಿಂದೆ ಹೇಳಿದ್ದು. ಉತ್ತರದ ಕಡೆಯ ಕರಿ ತೀತರ್ ಕೂಗಿದಾಗ ಮೌಲವಿಗೆ ‘ಸುಬ್ಹಾನ್ ತೇರೀ ಕುದ್ರತ್’ ಎಂದು ಕೇಳಿಸುತ್ತದಂತೆ. ಕಿರಾಣಿ ಅಂಗಡಿಯವನಿಗೆ ‘ಲಸನ್ ಪ್ಯಾಜ್ ಅದ್ರಕ್’ ಎಂದು. ಪೈಲ್ವಾನನಿಗೆ ಸಾಮು, ಕಸರತ್ತು ಎಂದು. ಹಾಸ್ಯವೇ ಸರಿ, ಆದರೆ ಅಂದು ನಗು ಬರಲಿಲ್ಲ. ಹಕ್ಕಿ ಕೂಗಿದ್ದೇನೆಂದು ಈ ಮೂವರಲ್ಲಿ ಒಬ್ಬನೂ ಕೇಳಲಿಲ್ಲ. ತಮ್ಮ ಮನಸ್ಸಿನಲ್ಲಿದ್ದದ್ದನ್ನೇ ಕೇಳಿಸಿಕೊಂಡರು. ಮೊಬೈಲಿನಿಂದ ಕೂಗಿಸಿದ ನಾವು ನಾಲ್ಕನೆಯವರು.

ಇಹ್ಸಾನ್ ಎಂದರೇನೆಂದು ಕೇಳಿದಾಗ ಪ್ರವಾದಿಯವರು(ಸ) ಕೊಟ್ಟ ಉತ್ತರವೂ ನೋಟದ ಬಗೆಗೇ ಇದೆ. ಅಲ್ಲಾಹನನ್ನು ನೋಡುತ್ತಿರುವಂತೆ ಆರಾಧಿಸು; ನೀನು ಕಾಣದಿದ್ದರೂ ಅವನು ನಿನ್ನನ್ನು ಕಾಣುತ್ತಿದ್ದಾನೆ ಎಂಬುದು ಅದರ ಭಾವ. ಹಕ್ಕಿ ನೋಡಲು ಹೋದವನು ಲೋಕದಲ್ಲಿ ಕಣ್ಣಿರುವುದು ತನಗೊಬ್ಬನಿಗೇ ಎಂದುಕೊಳ್ಳುತ್ತಾನೆ. ನಾವು ಗುಡ್ಡ ಹತ್ತುವ ಮೊದಲೇ ಗೌಜುಗ ನಮ್ಮನ್ನು ಕಂಡಿತ್ತು. ಕಂಡೇ ಪೊದೆಯಲ್ಲಿ ಉಳಿದಿತ್ತು. ಅದರ ಮೇಲೆ, ನಮ್ಮ ಮೇಲೆ ಇನ್ನೊಂದು ನೋಟವಿತ್ತು. ತಾನೂ ನೋಡಲ್ಪಡುತ್ತಿದ್ದೇನೆ ಎಂಬ ಅರಿವಿದ್ದವನು ನೋಡುವ ರೀತಿಯೇ ಬೇರೆ. ಅವನು ಕಾಯುತ್ತಾನೆ. ಬಾರದಿದ್ದರೆ ಎದ್ದು ಹೋಗುತ್ತಾನೆ.

ಎರಡು ವಾರದ ನಂತರ ನಾವು ಹುಡುಗನನ್ನು ಕರೆದುಕೊಂಡು ಚನ್ನಗಿರಿ ತಾಲ್ಲೂಕಿನ ಸೂಳೆಕೆರೆಗೆ ಹೋದೆವು. ಈಗ ಇದಕ್ಕೆ ಶಾಂತಿಸಾಗರ ಎನ್ನುತ್ತಾರೆ. ಎರಡು ಗುಡ್ಡಗಳ ನಡುವೆ ಏರಿ ಕಟ್ಟಿ ನಿಲ್ಲಿಸಿದ ಶತಮಾನಗಳ ಹಿಂದಿನ ನೀರು. ಗುಡ್ಡದ ಮಗ್ಗುಲಿನಲ್ಲಿ ಕೂತೆವು. ಕೆರೆಯ ಮೇಲೆ ಇಬ್ಬನಿ ಕರಗುತ್ತಿತ್ತು. ಹುಡುಗ ಇನ್ನೂ ಪೂರ್ತಿ ಒಪ್ಪಿರಲಿಲ್ಲ. ‘ನೋಡದೇ ಇದ್ದರೆ ಜನಕ್ಕೆ ಪ್ರೀತಿ ಹೇಗೆ ಬರುತ್ತೆ?’ ಎಂದು ದಾರಿಯುದ್ದಕ್ಕೂ ಕೇಳಿದ್ದ. ಆ ಪ್ರಶ್ನೆ ನಮ್ಮೊಳಗೂ ಇನ್ನೂ ಇದೆ. ಆದರೂ ಮೊಬೈಲ್ ಜೇಬಿನಲ್ಲೇ ಇತ್ತು.

ಬಹಳ ಹೊತ್ತಿನ ಮೇಲೆ ಮೇಲಿನ ಪೊದೆಗಳಿಂದ ಗೌಜುಗ ಕೂಗಿತು. ಹುಡುಗನ ಕೈ ಜೇಬಿಗೆ ಹೋಗಿ ಹಿಂದೆ ಬಂತು. ಒಂದು ಗಂಟೆ ಕಾದೆವು. ಅದು ಬರಲಿಲ್ಲ. ಕಾಯುತ್ತ ಹುಡುಗ ಕೇಳಿದ: ‘ಬಡೇ ಅಬ್ಬಾ, ಅಟ್ಟದ ಮೇಲೆ ಒಂದು ಬಿದಿರಿನ ಪಂಜರ ಇದೆಯಲ್ಲ, ದಾದಿ ಬೆಳ್ಳುಳ್ಳಿ ಹಾಕಿಡ್ತಿದ್ದರಲ್ಲ, ಅದೇನಾ ಅದು?’ ಹೌದೆಂದೆವು.

ಬಿಸಿಲೇರಿತು. ಎದ್ದೆವು. ಹುಡುಗ ಪಟ್ಟಿಯ ಪುಸ್ತಕ ತೆಗೆದು ಪೆನ್ನು ಹಿಡಿದು ನಮ್ಮ ಮುಖ ನೋಡಿದ. ‘ಕಾಣಲಿಲ್ಲವಲ್ಲ, ಬರೆಯೋದಾ, ಬೇಡವಾ?’

‘ಕಂಡಿದ್ದನ್ನು ಕಂಡೆ ಅಂತ ಬರಿ, ಕೇಳಿದ್ದನ್ನು ಕೇಳಿದೆ ಅಂತ ಬರಿ’ ಎಂದೆವು.

ಅವನು ಬರೆದ: ಗೌಜುಗ, ಒಂದು. ಕೇಳಿಸಿತು.